ಕಾಡಿನ ಬಳ್ಳಿ, ಮನೆಯ ಹಿಂಡಿ

ಫೆಬ್ರವರಿ 6, 2025, ಗುರುವಾರ. ಸೊಲ್ಲಾಪುರ

ಅಕ್ಕಲಕೋಟದಿಂದ ಸಂಜೆ ಬಂದೆ. ಗುರುವಾರವಾದ್ದರಿಂದ ಸ್ವಾಮಿಗಳ ಗುಡಿಯ ಸಾಲು ರಸ್ತೆಯವರೆಗೆ ಬಂದಿತ್ತು. ದರ್ಶನವಾದ ಮೇಲೆ, ಅಲ್ಲೇ ಇರುವ ನಮ್ಮ ಕಾಶಿಅಕ್ಕ ನನ್ನನ್ನು ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ವೈದ್ಯನ ಹತ್ತಿರ ಕರೆದುಕೊಂಡು ಹೋದಳು. ಅವನ ಗೋಡೆಯ ಮೇಲೆ ಮರಾಠಿಯಲ್ಲಿ ದಪ್ಪ ಅಕ್ಷರದ ಬರಹ: ‘ನ ಸಾಂಗತಾ ದಾರೂ ಸೋಡವಾ.’ ಕುಡಿಯುವವನಿಗೆ ಹೇಳದೆಯೇ ಅವನ ಕುಡಿತ ಬಿಡಿಸಿ ಎಂದು. ನಮ್ಮ ಕಡೆ ಇಂಥ ಗೋಡೆಗಳಿಗೆ ಬರವಿಲ್ಲ. ತಾಯಂದಿರು, ಹೆಂಡತಿಯರು ಸೆರಗು ಮುಂದೆ ಎಳೆದುಕೊಂಡು ಬಂದು ಪುಡಿ ಒಯ್ಯುತ್ತಾರೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ ನಾನೂ ಹಾಗೆಯೇ ಒಯ್ದೆ.

“ಊಟದಾಗ ಬೆರಸಿ ಹಾಕ್ರಿ ಬಾಯಿ,” ಎಂದ ವೈದ್ಯ. “ಆದ್ರ ಅವರಿಗೆ ಗೊತ್ತಾಗಬಾರದು. ಗೊತ್ತಾತಂದ್ರ ಗುಣ ಹೋಗ್ತದ.”

ಯಾವುದರಲ್ಲಿ ಬೆರೆಸುವುದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಚಟ್ನಿ, ನಮ್ಮ ಹಿಂಡಿಯೇ ಸರಿ. ಅದರ ಬೆಳ್ಳುಳ್ಳಿ, ಖಾರದ ಮುಂದೆ ಯಾವ ಪುಡಿಯ ವಾಸನೆಯೂ ನಿಲ್ಲುವುದಿಲ್ಲ. ಮಗ ಮಯೂರನಿಗೆ ಹಿಂಡಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಸೊಸೆ ಕಾಂಚನಳಿಗೆ ಪಿತ್ತ, ಅವಳು ಅದನ್ನು ಮುಟ್ಟುವುದಿಲ್ಲ. ಮನೆಯಲ್ಲಿರುವವರು ನಾವು ಮೂವರೇ. ಬೆರೆಸಿ, ಡಬ್ಬಿಯನ್ನು ಅವನ ತಾಟಿನ ಪಕ್ಕಕ್ಕೆ ಇಟ್ಟಾಯಿತು.

ಈ ದಿನಚರಿಯ ವಹಿಗೆ ಬೀಗ ಬೇಕಿಲ್ಲ. ಮಗ, ಸೊಸೆ ಇಬ್ಬರಿಗೂ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿ ಸ್ವಂತ ಮಗನನ್ನು ಮರಾಠಿ ಶಾಲೆಗೆ ಹಾಕಿದ ಮಹಾತಾಯಿ ನಾನು.

ಏಳು ಗಂಟೆಯಿಂದ ಕಿಟಕಿಯಲ್ಲಿ ಕೂತಿದ್ದೆ. ಒಂಬತ್ತೂವರೆಗೆ ಬಂದ. ಬಾಗಿಲಲ್ಲೇ ಬಾಯಿ ಮೂಸಿದೆ. ಕುಡಿದಿದ್ದ. ಶಾಲೆಯ ಚಟ ಬಿಟ್ಟಿಲ್ಲ, ಅವನಿಗೂ ಅಂಕ: ಹತ್ತಕ್ಕೆ ಎರಡು.

ಫೆಬ್ರವರಿ 9, ಭಾನುವಾರ

ಪುಡಿ ಕೆಲಸ ಮಾಡಿತು. ಮಾಡಿದ ರೀತಿ ಮಾತ್ರ ನಾನು ಎಣಿಸಿದ್ದಲ್ಲ.

ನಿನ್ನೆ ಸಂಜೆ ಟವೆಲ್ ಕಾರ್ಖಾನೆಯಿಂದ ಗೆಳೆಯರೊಡನೆ ಹೋಗಿ ಎಂದಿನಂತೆ ಕುಡಿದನಂತೆ. ಮನೆಗೆ ಬಂದಾಗ ಮುಖ ಕೆಂಪಾಗಿ ಉರಿಯುತ್ತಿತ್ತು. ಬಚ್ಚಲಿಗೆ ಓಡಿ ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡ. ಎದೆ ಹಿಡಿದುಕೊಂಡು ಕೂತು, “ಅವ್ವಾ, ನಾ ಸಾಯಾಕತ್ತೀನಿ,” ಎಂದ. ನಾನು ಬೆನ್ನು ಸವರಿದೆ. “ಏನೂ ಆಗೂದಿಲ್ಲ, ಇನ್ನ ಕುಡಿಬ್ಯಾಡ ಅಷ್ಟ,” ಎಂದೆ. ಕಾಂಚನ ಗಾಬರಿಯಾಗಿ ಅಂಬುಲೆನ್ಸ್ ಕರೆಯುತ್ತೇನೆಂದಳು. ನಾನೇ ತಡೆದೆ. ಅರ್ಧ ತಾಸಿನಲ್ಲಿ ಇಳಿಯಿತು.

ಇಂದು ಇಡೀ ದಿನ ಮನೆಯಲ್ಲೇ ಇದ್ದ. ಲಿವರ್ ಹೋಗಿರಬೇಕು ಎಂದು ಎರಡು ಸಲ ಅಂದ. ಒಂದು ಹನಿ ಮುಟ್ಟಿಲ್ಲ. ಹತ್ತಕ್ಕೆ ಏಳು. ಅಂಕ ಬರೆದು ಸಂತೋಷವಾಗಬೇಕಿತ್ತು. ಆಗಲಿಲ್ಲ.

ಫೆಬ್ರವರಿ 14, ಶುಕ್ರವಾರ

ಊಟದ ಹೊತ್ತಿಗೆ ಮಯೂರ ಫೋನು ಕೆಳಗಿಟ್ಟು, “ನಾ ಕುಡಿಯೂದು ಬಿಡಾಂವ ಇದ್ದೀನಿ,” ಎಂದ. ಇದುವರೆಗೆ ನಾವು ಹೇಳಿ ಅವನು ಹೂಂಗುಟ್ಟಿದ್ದುಂಟು. ತಾನಾಗಿ ಹೇಳಿದ್ದು ಇದೇ ಮೊದಲು. ಬಿಡುವ ದಾರಿ ಯಾವುದು ಎಂದು ಅವನು ಹೇಳಿದ ಮೇಲೆ ನಾನು ತುತ್ತು ಕೆಳಗಿಟ್ಟೆ.

ನಮ್ಮ ಓಣಿಯ ಸೋಮೇಶ, ನನ್ನ ಶಾಲೆಯಲ್ಲೇ ಓದಿದವನು, ಹಡಗಿನಲ್ಲಿ ಅಡುಗೆಯವನಾಗಿ ಹೋದದ್ದು ಗೊತ್ತಿತ್ತು. ಅಲ್ಲಿಂದ ಪೆರು ದೇಶದ ಕಾಡಿಗೆ ಹೋಗಿ ನಾಲ್ಕು ವರ್ಷ ಇದ್ದನಂತೆ. ಅಲ್ಲಿಯ ಜನ ಒಂದು ಬಳ್ಳಿಯನ್ನೂ ಒಂದು ಎಲೆಯನ್ನೂ ದಿನವಿಡೀ ಕುದಿಸಿ ಕಷಾಯ ಮಾಡುತ್ತಾರಂತೆ. ಕುಡಿದರೆ ವಾಂತಿಯಾಗುತ್ತದೆ, ಕಣ್ಣಿಗೆ ಏನೇನೋ ಕಾಣುತ್ತದೆ. ಹಿರಿಯರು ಪಕ್ಕದಲ್ಲಿ ಕೂತು ಹಾಡುತ್ತಾರೆ. ತಲೆತಲಾಂತರದಿಂದ ಅವರ ಮದ್ದು. ಈಗ ಅದನ್ನು ಪೋರ್ಚುಗಲ್ಲಿನಲ್ಲಿ, ಹಾಲೆಂಡಿನಲ್ಲಿ, ಥಾಯ್ಲೆಂಡಿನಲ್ಲಿ ಕೊಡುತ್ತಾರೆ. ಶಿವರಾತ್ರಿಗೆ ನಮ್ಮ ಕಂದಲಗಾಂವದ ಹೊಲದಲ್ಲೂ ಕೊಡುತ್ತಾರೆ. ಆ ದೇಶದ ಹೆಂಗಸನ್ನೇ ಸೋಮೇಶ ಕರೆಸಿದ್ದಾನೆ.

“ಒಂದು ಕುಡಿಯೂದು ಬಿಡಾಕ ಇನ್ನೊಂದು ಕುಡಿಯೂದೇನು?” ಎಂದೆ.

“ಅದು ನಿಶಾ ಅಲ್ಲ ಅವ್ವಾ. ಒಳಗ ಏನ್ ಅದ ಅದು ಎದುರಿಗೆ ಬಂದು ನಿಂದರ್ತದಂತ.”

ಅವನೊಳಗೆ ಏನಿದೆ ಎಂದು ನನಗೆ ಗೊತ್ತು. ಮೂರು ವರ್ಷದ ಹಿಂದೆ ಕಾಂಚನಳ ಹೊಟ್ಟೆಯಲ್ಲಿದ್ದ ಕೂಸು ಏಳನೆಯ ತಿಂಗಳಲ್ಲಿ ಹೋಯಿತು. ಬಂದವರೆಲ್ಲ ಕಾಂಚನಳ ಹತ್ತಿರ ಕೂತು ಸಮಾಧಾನ ಹೇಳಿದರು. ಮಯೂರ ಹೊರಗೆ ಕುರ್ಚಿ ಹಾಕುತ್ತ, ಚಹಾ ತರುತ್ತ ಓಡಾಡಿದ. ಅವನಿಗೆ ಯಾರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಪುಡಿ ಹುಟ್ಟಿಸಿದ ಹೆದರಿಕೆಯೇ ಅವನನ್ನು ಈ ಬಳ್ಳಿಯ ಕಡೆಗೆ ಓಡಿಸಿತೆಂದು ಈಗ ಬರೆಯುವಾಗ ಹೊಳೆಯಿತು. ಹತ್ತಕ್ಕೆ ಎಂಟು, ಬಿಡುತ್ತೇನೆ ಅಂದದ್ದಕ್ಕೆ. ಬಳ್ಳಿಗೆ ಸೊನ್ನೆ.

ಫೆಬ್ರವರಿ 17, ಸೋಮವಾರ

ಸೋಮೇಶ ಮನೆಗೆ ಬಂದಿದ್ದ. ನರೆತ ಕೂದಲನ್ನು ಹಿಂದೆ ಗಂಟು ಹಾಕಿದ್ದಾನೆ, ಕೊರಳಲ್ಲಿ ಬೀಜಗಳ ಸರ. “ಅಕ್ಕೋರ, ಆರಾಮ ಇದ್ದೀರಿ?” ಎಂದು ಕಾಲು ಮುಟ್ಟಿದ. ಏಳನೆಯ ಇಯತ್ತೆಯಲ್ಲಿ ಕನ್ನಡದಲ್ಲಿ ಇವನನ್ನು ದಾಟಿಸಲು ನಾನು ಪಟ್ಟ ಪಾಡು ನೆನಪಾಯಿತು.

ಪಥ್ಯ ಹೇಳಲು ಬಂದಿದ್ದ. ಇಂದಿನಿಂದಲೇ ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ, ಹುಳಿ ಬಂದದ್ದು ಯಾವುದೂ ಇಲ್ಲ. “ಏಕಾದಶಿಗಿಂತ ಕಡಕ್ ಅದಲ್ಲೋ,” ಎಂದೆ. ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಮಯೂರನ ಕಡೆ ತಿರುಗಿದ.

“ಇದು ಭಾಳ ಮುಖ್ಯ ನೋಡು. ಯಾವುದರೆ ಗುಳಿಗಿ, ಔಷಧ, ಪುಡಿ, ಏನರೆ ತಗೋತಿ? ಕೆಲವು ಔಷಧ ಇದರ ಕೂಡ ಸೇರಿದ್ರ ಜೀವಕ್ಕ ಬರ್ತದ. ಸತ್ತವ್ರೂ ಅದಾರ. ಖರೇ ಹೇಳು.”

“ಏನೂ ಇಲ್ಲ. ತಲಿನೋವಿನ ಗುಳಿಗಿ ಸೈತ ತಗೊಳಂಗಿಲ್ಲ,” ಎಂದ ಮಯೂರ.

ನಾನು ಅಡುಗೆಮನೆಯ ಬಾಗಿಲಲ್ಲಿ ಸವುಟು ಹಿಡಿದು ನಿಂತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುವವರೆಗೂ ನಿಂತೇ ಇದ್ದೆ.

ಫೆಬ್ರವರಿ 18, ಮಂಗಳವಾರ

ಹಿಂಡಿಯ ಡಬ್ಬಿ ಬಚ್ಚಲಿಗೆ ಸುರಿದೆ. ಪಥ್ಯದಲ್ಲಿ ಹಿಂಡಿ ಹೇಗೂ ಇಲ್ಲ. ಪುಡಿ ನಿಂತಿತು, ಮಾತು ಮುಗಿಯಿತು. ಯಾರಿಗೂ ಹೇಳುವ ಅಗತ್ಯವಿಲ್ಲ.

ಫೆಬ್ರವರಿ 20, ಗುರುವಾರ. ಅಕ್ಕಲಕೋಟ

ಮಾತು ಮುಗಿದಿದ್ದರೆ ನಿನ್ನೆ ರಾತ್ರಿ ನಿದ್ದೆ ಬರಬೇಕಿತ್ತು. ಬೆಳಗಿನ ಬಸ್ಸಿಗೆ ಬಂದೆ. ಗುಡಿಗೆ ಹೋಗುವ ಮೊದಲೇ ವೈದ್ಯನ ಹತ್ತಿರ ಹೋಗಿ, “ಪುಡ್ಯಾಗ ಏನೇನ್ ಹಾಕೀರಿ?” ಎಂದು ಕೇಳಿದೆ.

“ಜಡಿಬೂಟಿ ಬಾಯಿ. ಶುದ್ಧ.”

“ಜಡಿಬೂಟಿಗೆ ಹೆಸರ ಇರ್ತದಲ್ಲ?”

“ಅಜ್ಜಾರ ಕಾಲದ್ದು. ಹೇಳಂಗಿಲ್ಲ.” ನನ್ನ ಹಿಂದೆ ಸೆರಗು ಎಳೆದುಕೊಂಡು ನಿಂತಿದ್ದವಳನ್ನು ಮುಂದೆ ಬರಲು ಕೈ ಮಾಡಿದ.

ಕಾಶಿಅಕ್ಕನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಕನಿಗೆ ನನ್ನ ಕಳವಳ ಅರ್ಥವಾಗುತ್ತಿಲ್ಲ. “ಮಗಗ ಹಾಲು ಕುಡಿಸಿದಾಕಿ ಔಷಧ ಕುಡಿಸಿದ್ರ ತಪ್ಪೇನ ಮುಕ್ತಾ? ಹಾಲು ಕುಡಸೂ ಮುಂದ ಅವನ ಕೇಳಿದ್ದೇನು?” ಎನ್ನುತ್ತಾಳೆ. ಅದರಿಂದ ನನಗೆ ಸಮಾಧಾನ ಆಗಲಿಲ್ಲ.

ಫೆಬ್ರವರಿ 22, ಶನಿವಾರ

ಉಳಿದ ಪುಡಿ ತೆಗೆದುಕೊಂಡು ನಮ್ಮ ಡಾಕ್ಟರಬಾಯಿಯ ಹತ್ತಿರ ಹೋದೆ. ಪಕ್ಕದ ಮನೆಯವರ ಕಥೆ ಎಂಬಂತೆ ಹೇಳಿದೆ. ಅವರು ಬೆರಳಿಗೆ ಒರೆಸಿ ನೋಡಿ, ಮೂಸಿ, ಪರೀಕ್ಷೆ ಮಾಡಿಸದೆ ಏನೂ ಹೇಳಲಾಗದು ಎಂದರು. ಕೆಲವರು ಅಂಗಡಿಯ ಗುಳಿಗೆಯನ್ನೇ ಅರೆದು ಬೆರೆಸುತ್ತಾರಂತೆ. ಅಂಥದ್ದಾದರೆ ಬಿಟ್ಟ ಮೇಲೂ ಎರಡು ವಾರದವರೆಗೆ ಮೈಯಲ್ಲಿ ಉಳಿಯಬಹುದಂತೆ.

“ಅದರ ಮ್ಯಾಲ ಆ ಕಾಡಿನ ಕಷಾಯ ಬ್ಯಾಡ. ಅದಕ್ಕ ಇಲ್ಲಿ ಕಾಯದೇದ ಪರವಾನಗಿನೂ ಇಲ್ಲ. ಪಕ್ಕದ ಮನಿಯವ್ರಿಗೆ ಹೇಳ್ರಿ,” ಎಂದು ನನ್ನನ್ನೇ ನೋಡಿದರು.

ಎರಡು ವಾರವೆಂದರೆ ಮಾರ್ಚ್ ತಿಂಗಳು. ಶಿವರಾತ್ರಿ ಬುಧವಾರ.

ಮಯೂರ ಉಪ್ಪಿಲ್ಲದ ಹೆಸರುಬೇಳೆ, ಅನ್ನ ಉಣ್ಣುತ್ತಿದ್ದಾನೆ. ಒಂದು ದಿನವೂ ಮುಖ ಸಿಂಡರಿಸಿಲ್ಲ. ಮದುವೆಗೆ ಮುಂಚಿನ ಮುಖ ಮರಳಿ ಬಂದಂತಿದೆ. ಇವತ್ತು ಕಾಂಚನಳ ಜೊತೆ ಏನೋ ನೆನೆದು ಜೋರಾಗಿ ನಕ್ಕ. ಹೇಳಿದರೆ ಈ ನಗು ನಿಲ್ಲುತ್ತದೆ, ನನ್ನ ಮೇಲಿನ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ಅವನೇ ಹೋಗಬಹುದು. ಇಷ್ಟು ಸರಳ ಲೆಕ್ಕ. ಆದರೂ ಬಾಯಿ ಬರುತ್ತಿಲ್ಲ.

ಫೆಬ್ರವರಿ 25, ಮಂಗಳವಾರ

ಮಯೂರ ಬ್ಯಾಗು ಹಾಕಿಕೊಂಡು ಕಂದಲಗಾಂವಕ್ಕೆ ಹೋದ. ಹೋಗುವಾಗ ಕಾಲು ಮುಟ್ಟಿದ. “ತಡಿ,” ಎಂದೆ. “ಏನವ್ವಾ?” ಎಂದ. ಟವೆಲ್ ಮರೆತಿದ್ದೀ ಎಂದೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಎಲ್ಲವನ್ನೂ ಇದ್ದಂತೆ ಬರೆಯುತ್ತೇನೆ.

ಬೆಳಿಗ್ಗೆ ಗುಡಿಗೆ ಹೋದೆ. ಬಿಲ್ವಪತ್ರೆ, ಒಂದು ದತ್ತೂರಿ ಕಾಯಿ ಇಡುವುದು ಪದ್ಧತಿ. ಗುಡಿಯಲ್ಲಿ ಎಷ್ಟು ನೂಕುನುಗ್ಗಲೆಂದರೆ ಕಾಯಿ ಚೀಲದಲ್ಲೇ ಉಳಿಯಿತು. ಅಲ್ಲಿಂದಲೇ ರಿಕ್ಷಾ ಹಿಡಿದು ವಿಜಾಪುರ ರಸ್ತೆಗೆ ಬಂದು, ಕಾಂಚನಳನ್ನು ಹತ್ತಿಸಿಕೊಂಡು ಕಂದಲಗಾಂವಕ್ಕೆ ಹೋದೆ. ಕಷಾಯ ಸಂಜೆಗೆ, ಮಧ್ಯಾಹ್ನ ಮನೆಯವರು ಬಂದು ಭೇಟಿಯಾಗಬಹುದು ಎಂದು ಸೋಮೇಶ ಹೇಳಿದ್ದ.

ಜೋಳ ಕೊಯ್ದ ಹೊಲ, ಅದರ ನಡುವೆ ತಗಡಿನ ದೊಡ್ಡ ಶೆಡ್ಡು. ಒಳಗೆ ಗೋಡೆಗುಂಟ ಗಾದಿಗಳು, ಪ್ರತಿ ಗಾದಿಯ ಪಕ್ಕ ಒಂದೊಂದು ಬಕೆಟ್ಟು. ಬಕೆಟ್ಟಿನ ಮೇಲೆ ಹೆಸರಿನ ಚೀಟಿ. ಪುಣೆಯ ಗಂಡಹೆಂಡತಿ, ಉದ್ದನೆಯ ಒಬ್ಬ ಡಚ್ಚರವನು, ಗೋವೆಯ ಹುಡುಗಿ, ನಮ್ಮ ಮಯೂರ. ಪರೀಕ್ಷೆಗೆ ಕೂತ ಮಕ್ಕಳಂತೆ ಎಲ್ಲರೂ ಗಪ್ಪಾಗಿದ್ದರು.

ಆ ಹೆಂಗಸಿನ ಹೆಸರು ಎರ್ಲಿಂಡಾ. ನನ್ನಷ್ಟೇ ವಯಸ್ಸು, ನನಗಿಂತ ಗಿಡ್ಡ. ಹೂವಿನ ಕಸೂತಿಯ ಲಂಗ, ಬಾಯಲ್ಲಿ ತಂಬಾಕಿನ ಚಿಲುಮೆ. ನನ್ನ ಅವ್ವ ಹಲ್ಲಿಗೆ ತಂಬಾಕಿನ ಮಿಸ್ರಿ ಹಚ್ಚುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದಳಲ್ಲ, ಅದೇ ಠೀವಿ. ನಾನು ಎರ್ಲಿಂಡಾಬಾಯಿ ಎಂದೇ ಕರೆದೆ. ಆಕೆಯ ಭಾಷೆ ಸೋಮೇಶನಿಗೆ ಮಾತ್ರ ಗೊತ್ತು. ನನ್ನ ಚೀಲದಲ್ಲಿ ಕಂಡ ದತ್ತೂರಿ ಕಾಯಿಯನ್ನು ಎತ್ತಿಕೊಂಡು, ಮುಳ್ಳು ಮುಟ್ಟಿ ನೋಡಿ, ಹುಬ್ಬೇರಿಸಿದಳು. ಇದರ ಬಂಧುಗಳು ಅವಳ ಊರಲ್ಲೂ ಇವೆಯಂತೆ, ಜನ ಹೆದರುತ್ತಾರಂತೆ. ನೀವು ಇದನ್ನು ಕುಡಿಯುತ್ತೀರೇನು ಎಂದು ಕೇಳಿದಳು.

“ಇಲ್ಲ. ದೇವರಿಗೆ ಇಡ್ತೀವಿ,” ಎಂದೆ.

ಛಲೋ ಆಯಿತು, ದೇವರ ಹತ್ತಿರವೇ ಇರಲಿ ಎಂದು ನಕ್ಕಳು. ನನಗೂ ನಗು ಬಂತು.

ಆಮೇಲೆ ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ಕೊನೆಯ ಸಲ ಕೇಳಿದಳು, ಯಾವ ಔಷಧಿ, ಯಾವಾಗ, ಏನು. ಮಯೂರನ ಸರದಿ ಬಂತು. “ಏನೂ ಇಲ್ಲ,” ಎಂದ. ಸುಳ್ಳು ಹೇಳುವಾಗ ಅವನ ಎಡಗಣ್ಣು ಸಣ್ಣದಾಗುತ್ತದೆ, ಚಿಕ್ಕಂದಿನಿಂದಲೂ. ಆಗಲಿಲ್ಲ. ತನಗೆ ಗೊತ್ತಿದ್ದದ್ದನ್ನು ಅವನು ಸತ್ಯವಾಗಿಯೇ ಹೇಳಿದ. ಅವನ ಮೋರೆಯಲ್ಲಿದ್ದ ಆಸೆ ನೋಡಿ ನನಗೆ ತಡೆಯಲಾಗಲಿಲ್ಲ.

“ಆಂವ ತಗೊಂಡಾನ ಸೋಮೇಶ. ಅವಗ ಗೊತ್ತಿಲ್ಲ. ನಾ ಹಾಕೀನಿ,” ಎಂದೆ.

ಸೋಮೇಶ ತರ್ಜುಮೆ ಮಾಡುವುದನ್ನೇ ಮರೆತ. ಮಯೂರ ನನ್ನನ್ನು ನೋಡಿದ.

“ಏನ್ ಹಾಕೀದಿ?”

“ದಾರೂ ಬಿಡಸೂ ಪುಡಿ. ಅಕ್ಕಲಕೋಟದ್ದು.”

“ಎದರಾಗ?”

“ಹಿಂಡ್ಯಾಗ.”

ಬಕೆಟ್ಟಿನ ಮೇಲಿನ ತನ್ನ ಹೆಸರಿನ ಕಡೆ ತಿರುಗಿದ. ಆಮೇಲೆ ಮೆಲ್ಲಗೆ, “ಅವತ್ತ ನಾ ಸಾಯಾಕತ್ತೀನಿ ಅಂದಾಗ ನೀ ಬೆನ್ನ ಸವರಾಕತ್ತಿದ್ದಿ,” ಎಂದ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಎದ್ದು ಹೊಲದ ಕಡೆ ನಡೆದುಹೋದ. ಕಾಂಚನ ಅವನ ಹಿಂದೆ ಹೋದಳು.

ಎರ್ಲಿಂಡಾಬಾಯಿಗೆ ಸೋಮೇಶ ಎಲ್ಲ ತಿಳಿಸಿದ. ಈ ಸಲ ಮಯೂರನಿಗೆ ಕೊಡುವುದಿಲ್ಲ ಎಂದಳು. ನಾನು ಬೈಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಆಕೆ ನನ್ನ ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತು, ಒಂದು ಖಾಲಿ ಬಟ್ಟಲನ್ನು ನನ್ನ ಮುಂದೆ ಹಿಡಿದು ಮಾತಾಡಿದಳು. ಸೋಮೇಶ ಹೇಳಿದ್ದಿಷ್ಟು. “ಅವರ ಕಡೆ ಬಟ್ಟಲಾ ಕುಡಿಯಾಂವನ ಹಿಡೀಬೇಕಂತ, ಅಕ್ಕೋರ. ತನಗ ಏನ್ ಬೇಕು ಅಂತ ತಾನ ಹೇಳಿ ತಾನ ಎತ್ತಬೇಕು. ಅವರು ಯಾರ ಬಾಯಿಗೂ ಇಡೂದಿಲ್ಲಂತ.”

“ಅವರಿಗೆ ಮಕ್ಕಳು ಅದಾವೇನು ಕೇಳು,” ಎಂದೆ. ಕೋಪದಿಂದಲೇ ಕೇಳಿದೆ.

ಕೇಳಿದ. ಆಕೆ ಚಿಲುಮೆಯ ಬೂದಿ ಕೊಡವಿ, ಒಂದು ಬೆರಳು ತೋರಿಸಿದಳು. ಒಬ್ಬ ಮಗ. ನಲವತ್ತು ವರ್ಷ. ಕುಡಿಯುತ್ತಾನೆ. ಬಳ್ಳಿ ಮನೆಯ ಬಾಗಿಲಲ್ಲೇ ಬೆಳೆದಿದೆ. ಅವನು ಬಟ್ಟಲು ಕೇಳಿಲ್ಲ, ಆಕೆ ಕೊಟ್ಟಿಲ್ಲ.

ಹೊತ್ತು ಇಳಿಯುವ ಮೊದಲು ಮೂವರೂ ಒಂದೇ ರಿಕ್ಷಾದಲ್ಲಿ ಬಂದೆವು. ಮಯೂರ ಡ್ರೈವರನ ಪಕ್ಕ ಕೂತಿದ್ದ.

ಫೆಬ್ರವರಿ 27, ಗುರುವಾರ

ಅಕ್ಕಲಕೋಟಕ್ಕೆ ಹೋಗಲಿಲ್ಲ. ಮಯೂರ ಮನೆಯಲ್ಲಿ ಉಣ್ಣಲಿಲ್ಲ.

ಮಾರ್ಚ್ 3, ಸೋಮವಾರ

ಖಾನಾವಳಿಯಲ್ಲಿ ಉಣ್ಣುತ್ತಿದ್ದಾನೆ. ಶನಿವಾರ ಕುಡಿದು ಬಂದ. ಈ ಸಲ ವಾಂತಿ ಇಲ್ಲ, ಎದೆಬಡಿತ ಇಲ್ಲ. ನಾನು ಇಟ್ಟ ನೀರಿನ ತಂಬಿಗೆಯನ್ನು ಮುಟ್ಟದೆ ನಲ್ಲಿಗೆ ಬಾಯಿ ಹಚ್ಚಿ ಕುಡಿದು ಮಲಗಿದ.

ಕಾಂಚನ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಯೇ ಹೇಳಿದಳು, “ನನಗರೆ ಹೇಳಬೇಕಿತ್ತು ಅತ್ಯಾರ. ಆ ದಿವಸ ಅವರು ಹೋಗೇ ಬಿಡ್ತಾರ ಅಂತ ನಾ ದೇವರಿಗೆಲ್ಲಾ ಹರಕಿ ಹೊತ್ತೆ. ನಿಮಗ ಗೊತ್ತಿತ್ತು.” ಇನ್ನು ಮುಂದೆ ಅಡುಗೆ ತಾನೇ ಮಾಡುತ್ತೇನೆ ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕೈ ತೊಳೆದ ಮೇಲೂ ಹೊಲಸಾಗಿಯೇ ಇದೆ ಅನಿಸಿತು.

ಅಂಕ ಹಾಕಲು ಪೆನ್ನು ಎತ್ತಿದೆ. ಯಾರಿಗೆ ಎಂದು ತಿಳಿಯದೆ ಇಟ್ಟೆ.

ಮಾರ್ಚ್ 9, ಭಾನುವಾರ

ಕಾಂಚನಳ ಅಡುಗೆಯಾದ್ದರಿಂದ ಮಯೂರ ಮನೆಯಲ್ಲಿ ಉಣ್ಣತೊಡಗಿದ್ದಾನೆ. ತಾನೇ ಬಡಿಸಿಕೊಳ್ಳುತ್ತಾನೆ. ನಾನು ಮುಚ್ಚಳ ತೆಗೆಯಲು ಕೈ ಚಾಚಿದರೆ ಕಾಯುತ್ತಾನೆ, ನಾನು ಸರಿದ ಮೇಲೆ ತೆಗೆಯುತ್ತಾನೆ.

ಇಂದು ಅಡುಗೆಮನೆಯಿಂದ ಢಣಢಣ ಸದ್ದು. ಕಬ್ಬಿಣದ ಕಲಬತ್ತ ಮುಂದಿಟ್ಟುಕೊಂಡು ಅವನೇ ಹಿಂಡಿ ಕುಟ್ಟುತ್ತಿದ್ದ. ಶೇಂಗಾ ಸೀದ ವಾಸನೆ ಓಣಿಯವರೆಗೂ ಹೋಗಿತ್ತು. ಬೆಳ್ಳುಳ್ಳಿ ಸಿಪ್ಪೆ ಸಮೇತ ಹಾಕಿದ. ಎಣ್ಣೆ ಬಿಡುವ ಮೊದಲೇ ಕುಟ್ಟುವುದು ನಿಲ್ಲಿಸಿದ. ಹೊರಗಿನ ಕೋಣೆಯಲ್ಲಿ ಕೈಯೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ‘ಇನ್ನಷ್ಟು ಕುಟ್ಟೋ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಮೂರು ಸಲ ವಾಪಸು ಹೋಯಿತು.

ಮಾರ್ಚ್ 15, ಶನಿವಾರ

ನಿನ್ನೆ ಹೋಳಿಯ ಧೂಳವಡ. ಬಣ್ಣಕ್ಕಿಂತ ಬಾಟಲಿಯ ಹಬ್ಬ ಅದು. ಮಯೂರ ಮನೆಯಲ್ಲೇ ಇದ್ದ. ಮೊನ್ನೆ ಕಾಂಚನಳನ್ನು ಕರೆದುಕೊಂಡು ದೊಡ್ಡ ದವಾಖಾನೆಗೆ ಹೋಗಿದ್ದನೆಂದು ಈಗ ಗೊತ್ತಾಯಿತು. ನನಗೆ ಹೇಳಿದ್ದು ಕಾಂಚನ. ರಕ್ತ ತಪಾಸಣೆಯಾಗಿದೆ, ಲಿವರ್ ಇನ್ನೂ ಹೋಗಿಲ್ಲ. ಡಾಕ್ಟರು ಒಂದು ಗುಳಿಗೆ ಕೊಟ್ಟಿದ್ದಾರೆ. ಇದನ್ನು ತಗೊಂಡ ಮೇಲೆ ಕುಡಿದರೆ ಮುಖ ಉರಿಯುತ್ತದೆ, ವಾಂತಿಯಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ ಎಂದು ಮೊದಲೇ ಕೂರಿಸಿ ಹೇಳಿದರಂತೆ. ಆ ಪುಡಿಯಲ್ಲಿ ಇದೇ ಇದ್ದಿರಬೇಕು ಎಂದೂ ಅಂದರಂತೆ.

“ಅದನ್ನ ಮತ್ತ ತಗೋತಾನಂತ?” ಎಂದೆ.

“ಹೂಂ ಅತ್ಯಾರ. ಎಲ್ಲಾ ಕೇಳಿಕೊಂಡು, ತಾವ ಬೇಕು ಅಂದ್ರು.”

ಇಂದು ಮುಂಜಾನೆ ನಾನು ಪೇಪರ್ ಓದುತ್ತಿದ್ದಾಗ ಒಳಗೆ ಗುಳಿಗೆಯ ಹಾಳೆ ಒಡೆದ ಸದ್ದಾಯಿತು. ಸ್ಟೀಲಿನ ಲೋಟ ಎತ್ತಿದ್ದು, ಇಟ್ಟದ್ದು ಕೇಳಿಸಿತು. ಒಂದೇ ಸಾಲನ್ನು ನಾನು ಬಹಳ ಸಲ ಓದಿದೆ.

ಮಾರ್ಚ್ 21, ಶುಕ್ರವಾರ

ಸೋಮೇಶ ಬಂದಿದ್ದ. ಕಂದಲಗಾಂವದ ಶೆಡ್ಡು ಖಾಲಿಯಾಗಿದೆ. ಎರ್ಲಿಂಡಾಬಾಯಿ ಥಾಯ್ಲೆಂಡಿಗೆ ಹೋದಳಂತೆ, ಅಲ್ಲಿಂದ ಇನ್ನೆಲ್ಲಿಗೋ. ಕಾಂಚನ ಫೋನಿನಲ್ಲಿ ತೋರಿಸಿದಳು, ಎಲ್ಲೆಲ್ಲಿಯ ದೇಶಗಳಲ್ಲಿ ಅಂಥದ್ದೇ ಗಾದಿಗಳು, ಅಂಥದ್ದೇ ಬಕೆಟ್ಟುಗಳು. ಊರೂರಿನ ಮಕ್ಕಳಿಗೆ ಬಟ್ಟಲು ಹಿಡಿಯುತ್ತ ಲೋಕ ಸುತ್ತುತ್ತಿದ್ದಾಳೆ, ತನ್ನ ಮಗ ಅಲ್ಲಿ ಕುಡಿದು ಬಿದ್ದಿದ್ದಾನೆ. ಅಷ್ಟು ದೂರದಿಂದ ಅವನ ಚಿಂತೆ ಹೇಗೆ ಹೊರುತ್ತಾಳೋ. ಕೇಳಬೇಕಿತ್ತು.

ಸೋಮೇಶ ಹೋದ ಮೇಲೆ ಮೂವರೂ ಚಹಾ ಹಿಡಿದು ಕೂತಿದ್ದೆವು. ಯಾರೂ ಕೇಳದೆಯೇ ಮಯೂರ ಹೇಳಿದ, “ಹೆಣ್ಣಾಗಿದ್ರ ಕೇತಕಿ ಅಂತ ಇಡಬೇಕಂತ ಮಾಡಿದ್ದೆ.” ಕಾಂಚನ ಅವನ ಕಡೆ ನೋಡಿದಳು. ಹೋದ ಕೂಸು ಹೆಣ್ಣೇ ಆಗಿತ್ತು. ನಾನು ಏನಾದರೂ ಸಮಾಧಾನ ಹೇಳಬೇಕು ಎಂದುಕೊಂಡೆ. ಹೇಳದೆ ಅತ್ತುಬಿಟ್ಟೆ. ಚಹಾ ಮೂವರದೂ ಆರಿತು.

ಏಪ್ರಿಲ್ 3, ಗುರುವಾರ

ಬಹಳ ದಿನದ ಮೇಲೆ ಅಕ್ಕಲಕೋಟಕ್ಕೆ ಹೋದೆ. ಬಿಸಿಲು ವಿಪರೀತ, ಗುಡಿಯಲ್ಲಿ ಸಾಲು ಕಡಿಮೆ.

ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಮಯೂರ ಬಂದು ಬಟ್ಟೆಯ ಗಂಟೊಂದನ್ನು ಚೀಲದಲ್ಲಿ ತುರುಕಿದ. “ಬಸ್ಸಿನ್ಯಾಗ ಹಸಿವಾದ್ರ,” ಎಂದು ಒಳಗೆ ಹೋದ. ಕಾಶಿಅಕ್ಕನ ಮನೆಯಲ್ಲಿ ಬಿಚ್ಚಿ ನೋಡಿದರೆ ಎರಡು ಕಡಕ್ ರೊಟ್ಟಿ, ಅವನು ಕುಟ್ಟಿದ ಹಿಂಡಿ. ಈ ಸಲ ಶೇಂಗಾ ಸೀದಿಲ್ಲ. ಉಪ್ಪು ತುಸು ಮುಂದಾಗಿದೆ. ಎರಡೂ ರೊಟ್ಟಿ ತಿಂದೆ. ಅಕ್ಕನಿಗೆ ಒಂದು ಚೂರು ಕೊಟ್ಟದ್ದೇ ಹೆಚ್ಚು.

“ಏನೇನ್ ಹಾಕ್ಯಾನ ಇದರಾಗ? ಬ್ಯಾರೆನ ರುಚಿ ಅದ,” ಎಂದಳು ಅಕ್ಕ.

“ಕೇಳಿಲ್ಲ,” ಎಂದೆ.

ಮರಳುವಾಗ ಬಸ್ ಸ್ಟ್ಯಾಂಡಿನ ಹಿಂದಿನ ದಾರಿಯಲ್ಲೇ ಬಂದೆ. ಗೋಡೆಗೆ ಹೊಸ ಬಣ್ಣ ಹೊಡೆದು ಅದನ್ನೇ ಮತ್ತೆ ಬರೆಸಿದ್ದಾನೆ. ಒಂದು ಹುಡುಗಿ ಸೆರಗು ಎಳೆದುಕೊಂಡು ನಿಂತಿದ್ದಳು. ಮಾತಾಡಿಸಿದೆ. ಪುಡಿ ಗಂಡನಿಗಂತೆ. ನಮ್ಮ ದವಾಖಾನೆಯ ಹೆಸರು, ಡಾಕ್ಟರು ಸಿಗುವ ವಾರ ಹೇಳಿದೆ. ಕೇಳಿಸಿಕೊಂಡಳು. ಹೋದಳೋ ಇಲ್ಲವೋ, ಬಸ್ಸು ಬಂತು.

ಏಪ್ರಿಲ್ 8, ಮಂಗಳವಾರ

ಸಂಜೆ ಪಕ್ಕದ ಮನೆಯ ತುಳಜಾಬಾಯಿಯ ಜೊತೆ ವಿಜಾಪುರ ರಸ್ತೆಯಲ್ಲಿ ಅಡ್ಡಾಡಲು ಹೋಗಿದ್ದೆ. ಈಗ ದಿನಾ ಹೋಗುತ್ತೇವೆ. ಆಕೆಗೆ ಕಣ್ಣಿನ ಪೊರೆ ತೆಗೆಸಬೇಕಂತೆ, ಒಬ್ಬಳೇ ಹೋಗಲು ಹೆದರಿಕೆ. ನಾನು ಜೊತೆಗೆ ಬರುತ್ತೇನೆಂದೆ. ಬರುವಾಗ ಹೊಸ ಶೇಂಗಾ ಕಂಡಿತು, ಚೆನ್ನಾಗಿತ್ತು, ತಂದೆ. ನಮ್ಮಿಬ್ಬರ ಬಾಯಿಗೆಂದು ಸ್ವಲ್ಪ ಹಿಂಡಿ ಕುಟ್ಟಿದೆ. ಅರ್ಧ ತುಳಜಾಬಾಯಿಗೆ ಕೊಟ್ಟು, ಅರ್ಧ ನನ್ನ ಸಣ್ಣ ಬಟ್ಟಲಲ್ಲಿ ಇಟ್ಟುಕೊಂಡೆ. ಮಯೂರನದು ಅವನ ಡಬ್ಬಿಯಲ್ಲಿ ಬೇರೆಯೇ ಇದೆ.

ಕಾಂಚನ ತವರಿಗೆ ಹೋಗಿದ್ದಾಳೆ, ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು ಹೋಗಿದ್ದಳು. ನಾನು ಟೀವಿ ನೋಡುತ್ತ ಕೂತಿದ್ದೆ. ಮಯೂರ ಯಾವಾಗ ಬಂದನೋ, ಕೈಕಾಲು ತೊಳೆದುಕೊಂಡು ತಾಟು ಹಾಕಿಕೊಂಡು ಕೂತ ಮೇಲೆಯೇ ನೋಡಿದ್ದು. ಭಾನುವಾರ ಗುಳಿಗೆ ತಪ್ಪಿಸಿ ಕುಡಿದೆ, ಆದರೂ ಮೊದಲಿನಂತೆಯೇ ವಾಂತಿಯಾಯಿತು, ಡಾಕ್ಟರಿಗೂ ಹೇಳಿ ಬಂದೆ, ಮತ್ತೆ ಸುರು ಮಾಡಿದ್ದೇನೆ ಎಂದ. ಹಂಗೇನು ಎಂದೆ. ಭಾನುವಾರ ನಾನು ಬೇಗ ಮಲಗಿಬಿಟ್ಟಿದ್ದೆ, ಗೊತ್ತೇ ಆಗಿರಲಿಲ್ಲ.

“ಅವ್ವಾ, ಉಣ್ಣಾಕ ನೀಡು,” ಎಂದ.

ಎದ್ದು ರೊಟ್ಟಿ ಹಾಕಿದೆ, ಪಲ್ಯ ಹಾಕಿದೆ. ಅವನ ಡಬ್ಬಿಯನ್ನು ತೆಗೆದು ತಾಟಿನ ಪಕ್ಕಕ್ಕೆ ಸರಿಸಿದೆ. ಅವನು ಡಬ್ಬಿಯನ್ನು ಹಿಂದಕ್ಕೆ ಸರಿಸಿ, ನನ್ನ ಬಟ್ಟಲಿನ ಕಡೆ ನೋಡಿದ.

“ನನ್ನದು ಬ್ಯಾಡ. ನೀ ಕುಟ್ಟಿದ್ದು ಹಾಕು.”

ನಾನು ಬಟ್ಟಲು ಹತ್ತಿರ ಎಳೆದುಕೊಂಡೆ. “ಶೇಂಗಾ, ಖಾರ, ಬೆಳ್ಳುಳ್ಳಿ, ಉಪ್ಪು...” ಎಂದು ಹೇಳಲು ಸುರು ಮಾಡಿದೆ.

“ನಾ ಕೇಳಿಲ್ಲವ್ವಾ,” ಎಂದು ತಾಟು ಮುಂದೆ ಹಿಡಿದ.

ಹಾಕಿದೆ. ಉಂಡ. ಇನ್ನೊಂದು ಸಲ ಕೇಳಿ ಹಾಕಿಸಿಕೊಂಡ. ಈ ಸಲ ಉಪ್ಪು ನನ್ನದೂ ತುಸು ಮುಂದಾಗಿತ್ತಂತೆ.